ಯಾರು, ಯಾರ ಮೇಲೆ, ಎಂದು: ಮೊದಲ ಮಹಾಯುದ್ಧವನ್ನು ನಾನು ಪಾಠ ಮಾಡುವ ಬಗೆ

ಪದವಿ ತರಗತಿಗಳಿಗೆ ಆಧುನಿಕ ಯುರೋಪಿನ ಇತಿಹಾಸ ಕಲಿಸುವವನು ನಾನು. ಮೊದಲ ಮಹಾಯುದ್ಧದ ಕಾರಣಗಳನ್ನು ಕೇಳಿದರೆ ನಮ್ಮ ವಿದ್ಯಾರ್ಥಿಗಳು ಸಾಮ್ರಾಜ್ಯಶಾಹಿ, ಸೈನಿಕವಾದ, ಉಗ್ರ ರಾಷ್ಟ್ರೀಯತೆ, ರಹಸ್ಯ ಒಪ್ಪಂದಗಳು, ಸರಾಯೆವೋ ಹತ್ಯೆ (ಆಸ್ಟ್ರಿಯಾದ ಯುವರಾಜನ ಕೊಲೆ) ಎಂದು ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾರೆ. ಇವುಗಳಲ್ಲಿ ರಹಸ್ಯ ಒಪ್ಪಂದಗಳ ಮಾತು ಬಂದಾಗಲೆಲ್ಲ, ಸಾಲಾಗಿ ನಿಲ್ಲಿಸಿದ ಇಸ್ಪೀಟೆಲೆಗಳಂತೆ ಒಂದು ಸಾಮ್ರಾಜ್ಯ ಬೀಳುತ್ತಿದ್ದಂತೆ ಮುಂದಿನದೂ ತಾನಾಗಿ ಬಿದ್ದಿತೆಂಬ ಚಿತ್ರ ಅವರ ಮನಸ್ಸಿನಲ್ಲಿ ಮೂಡುತ್ತದೆ. ಈ ಚಿತ್ರ ಅರ್ಧ ಮಾತ್ರ ನಿಜ ಎನ್ನುವುದು ನನ್ನ ಅಭಿಪ್ರಾಯ. ಅದನ್ನು ಬಾಯಿಮಾತಿನಲ್ಲಿ ಹೇಳಿ ಒಪ್ಪಿಸುವ ಬದಲು ವಿದ್ಯಾರ್ಥಿಗಳೇ ಕಂಡುಕೊಳ್ಳಲಿ ಎಂದು ನಾನು ಟಿಪ್ಪಣಿ ಬರೆಸುವುದನ್ನು ಬಿಟ್ಟು, ಯುದ್ಧ ಘೋಷಣೆಗಳ ಒಂದು ಕೋಷ್ಟಕವನ್ನು ಅವರ ಕೈಯಲ್ಲೇ ತಯಾರಿಸಲು ಆರಂಭಿಸಿದೆ.

ದೊಡ್ಡ ಡ್ರಾಯಿಂಗ್ ಶೀಟಿನ ಮೇಲೆ ನಾಲ್ಕು ಅಂಕಣಗಳನ್ನು ಎಳೆಯುತ್ತೇವೆ. ದಿನಾಂಕ, ಯುದ್ಧ ಸಾರಿದವರು, ಯಾರ ಮೇಲೆ ಸಾರಿದರು ಎಂಬ ಮೊದಲ ಮೂರನ್ನು ತುಂಬುವುದು ಸುಲಭ. ಆ ಘೋಷಣೆಗೆ ಯಾವ ಒಪ್ಪಂದದ ಯಾವ ಕರಾರು ಕಾರಣ ಎಂಬ ನಾಲ್ಕನೆಯ ಅಂಕಣದಲ್ಲೇ ಪಾಠವೆಲ್ಲ ಇರುವುದು. ಅದಕ್ಕಾಗಿ ಬೆಲ್ಜಿಯಂ ಕುರಿತ 1839ರ ಒಪ್ಪಂದ, ಜರ್ಮನಿ ಮತ್ತು ಆಸ್ಟ್ರಿಯಾ ನಡುವಿನ 1879ರ ಮೈತ್ರಿ, ಇಟಲಿಯೂ ಸೇರಿದ 1882ರ ತ್ರಿಮೈತ್ರಿ ಕೂಟ, 1894ರಲ್ಲಿ ಊರ್ಜಿತಗೊಂಡ ಫ್ರಾನ್ಸ್ ಮತ್ತು ರಷ್ಯಾಗಳ ಒಪ್ಪಂದ, ಬ್ರಿಟನ್ ಕ್ರಮವಾಗಿ 1902, 1904 ಮತ್ತು 1907ರಲ್ಲಿ ಜಪಾನ್, ಫ್ರಾನ್ಸ್ ಮತ್ತು ರಷ್ಯಾಗಳೊಂದಿಗೆ ಮಾಡಿಕೊಂಡ ಒಪ್ಪಂದಗಳು, ಇಷ್ಟರ ಸಾರವನ್ನು ಕನ್ನಡದಲ್ಲಿ ಬರೆದು ಜೆರಾಕ್ಸ್ ಮಾಡಿಸಿ ಹಂಚುತ್ತೇನೆ. ಕರಾರು ಯಾವಾಗ ಜಾರಿಗೆ ಬರುತ್ತದೆ ಎಂಬ ಷರತ್ತನ್ನು ಮಾತ್ರ ಎಲ್ಲಿಯೂ ಬಿಡುವುದಿಲ್ಲ.

ಮೊದಲ ಸಾಲಿನಲ್ಲಿರುವುದು 1914ರ ಜುಲೈ 28. ಆಸ್ಟ್ರಿಯಾ–ಹಂಗೆರಿ ಆ ದಿನ ಸೆರ್ಬಿಯಾದ ಮೇಲೆ ಯುದ್ಧ ಸಾರಿದ್ದು ಒಂದು ತಂತಿಯ ಮೂಲಕ. ಬೆಲ್‌ಗ್ರೇಡ್ ಗಡಿಯ ಮೇಲೇ ಇದ್ದುದರಿಂದ ಸೆರ್ಬಿಯಾದ ಸರ್ಕಾರ ನಿಷ್ ನಗರಕ್ಕೆ ಸರಿದಿತ್ತು. ತಂತಿ ಹೋದದ್ದು ಅಲ್ಲಿಗೆ. ನಾಲ್ಕನೆಯ ಅಂಕಣ ಖಾಲಿ. ಜುಲೈ 30ರಂದು ರಷ್ಯಾ ತನ್ನ ಇಡೀ ಸೇನೆಯ ಜಮಾವಣೆಗೆ ಆಜ್ಞೆ ಹೊರಡಿಸಿತಲ್ಲ, ಅದಕ್ಕಾದರೂ ಕರಾರು ಇದ್ದೀತೆಂದು ವಿದ್ಯಾರ್ಥಿಗಳು ಹಾಳೆಯನ್ನು ತಿರುವಿ ಹಾಕುತ್ತಾರೆ. ಸೆರ್ಬಿಯಾವನ್ನು ಕಾಯುವೆನೆಂದು ರಷ್ಯಾ ಬರೆದುಕೊಟ್ಟ ಮೈತ್ರಿ ಒಪ್ಪಂದ ಯಾವುದೂ ಇರಲಿಲ್ಲ. ಆಗಸ್ಟ್ 1ರಂದು ಜರ್ಮನಿ ರಷ್ಯಾದ ಮೇಲೆ ಯುದ್ಧ ಸಾರಿತು. 1879ರ ಕರಾರಿನ ಪ್ರಕಾರ ಜರ್ಮನಿ ನೆರವಿಗೆ ಬರಬೇಕಾದದ್ದು ಆಸ್ಟ್ರಿಯಾದ ಮೇಲೆ ರಷ್ಯಾ ದಾಳಿ ಮಾಡಿದಾಗ. ಆ ದಿನದವರೆಗೆ ಅಂಥ ದಾಳಿ ನಡೆದಿರಲಿಲ್ಲ. ಆಗಸ್ಟ್ 3ರಂದು ಜರ್ಮನಿಯು ಫ್ರಾನ್ಸ್‌ನ ಮೇಲೆ ಯುದ್ಧ ಸಾರುವಾಗ ಕೊಟ್ಟ ನೆಪಗಳಲ್ಲಿ ಫ್ರೆಂಚ್ ವಿಮಾನಗಳು ನ್ಯೂರೆಂಬರ್ಗ್ ಬಳಿ ಬಾಂಬು ಹಾಕಿದವೆಂಬ ಸುಳ್ಳು ಸುದ್ದಿಯೂ ಒಂದು. ನಿಜವಾದ ಕಾರಣ ಬೇರೆ: ಮೊದಲು ಪಶ್ಚಿಮದಲ್ಲಿ ಫ್ರಾನ್ಸನ್ನು ಮುಗಿಸಿ ಬಳಿಕ ಪೂರ್ವಕ್ಕೆ ತಿರುಗಬೇಕೆಂಬ ಲೆಕ್ಕದ ಮೇಲೆ ಅದರ ಸೇನಾ ಯೋಜನೆ ನಿಂತಿತ್ತು.

ತರಗತಿ ನಿಜವಾಗಿ ಎಚ್ಚರಗೊಳ್ಳುವುದು ಆಗಸ್ಟ್ 6ರ ಸಾಲಿಗೆ ಬಂದಾಗ. ಆಸ್ಟ್ರಿಯಾ ರಷ್ಯಾದ ಮೇಲೆ ಯುದ್ಧ ಸಾರಿದ್ದು ಆ ದಿನ, ಅಂದರೆ ಜರ್ಮನಿಗಿಂತ ಐದು ದಿನ ತಡವಾಗಿ. "ಜಗಳ ತೆಗೆದದ್ದೇ ಆಸ್ಟ್ರಿಯಾ ಅಲ್ವಾ ಸರ್, ಅದೇ ಯಾಕೆ ಕೊನೆಗೆ ಬಂತು?" ಎಂದು ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆಯನ್ನು ಈಗ ನಾನೇ ಪ್ರತಿ ವರ್ಷ ಕೇಳುತ್ತೇನೆ. ವಿಯೆನ್ನಾಕ್ಕೆ ಬೇಕಾಗಿದ್ದುದು ಸೆರ್ಬಿಯಾದ ಸೋಲು. ಬರ್ಲಿನ್ನಿಗೆ ಬೇಕಾಗಿದ್ದುದು ತಾನು ಫ್ರಾನ್ಸಿನಲ್ಲಿ ತೊಡಗಿರುವಾಗ ರಷ್ಯಾವನ್ನು ತಡೆದು ನಿಲ್ಲಿಸುವ ಆಸ್ಟ್ರಿಯಾದ ಸೇನೆ. ಆಸ್ಟ್ರಿಯಾದ ಸೇನಾ ಮುಖ್ಯಸ್ಥ ಕಾನ್ರಾಡ್ ತನ್ನ ಎರಡನೆಯ ಸೇನೆಯನ್ನು ಸೆರ್ಬಿಯಾದ ಕಡೆಗೆ ಆಗಲೇ ರೈಲು ಹತ್ತಿಸಿಬಿಟ್ಟಿದ್ದ. ಅದು ಅಲ್ಲಿಗೆ ಹೋಗಿ ಮತ್ತೆ ರಷ್ಯಾದ ಗಡಿಯಲ್ಲಿದ್ದ ಗ್ಯಾಲಿಶಿಯಾದ ರಣರಂಗಕ್ಕೆ ತಿರುಗಿ ಬರಬೇಕಾಯಿತು. ಮೂವತ್ತೈದು ವರ್ಷ ಹಳೆಯ ಮಿತ್ರರಿಬ್ಬರು ಒಂದೇ ಯುದ್ಧದ ಹೆಸರಿನಲ್ಲಿ ಬೇರೆ ಬೇರೆ ಯುದ್ಧಗಳಿಗೆ ಹೊರಟಿದ್ದರು ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಸಾಲು ಕೋಷ್ಟಕದಲ್ಲಿ ಇನ್ನೊಂದಿಲ್ಲ.

ಇಟಲಿಯ ಸಾಲು ಆಗಸ್ಟ್‌ನಲ್ಲಿ ಬರುವುದೇ ಇಲ್ಲ. ತ್ರಿಮೈತ್ರಿ ಕೂಟವು ರಕ್ಷಣೆಗಾಗಿ ಮಾತ್ರ ಏರ್ಪಟ್ಟದ್ದು, ಮೊದಲು ಕೈಮಾಡಿದವರು ನೀವು ಎಂಬ ವಾದ ಹೂಡಿ ರೋಮ್ ತಟಸ್ಥವಾಗಿ ಉಳಿಯಿತು. ಆಮೇಲೆ 1915ರ ಏಪ್ರಿಲ್ 26ರಂದು ಲಂಡನ್ನಿನಲ್ಲಿ ರಹಸ್ಯವಾಗಿ ಚೌಕಾಸಿ ಮುಗಿಸಿ, ಟ್ರೆಂಟಿನೋ, ಟ್ರಿಯೆಸ್ಟ್ ಮೊದಲಾದ ಪ್ರದೇಶಗಳ ಭರವಸೆ ಪಡೆದು, ಮೇ 23ರಂದು ತನ್ನದೇ ಮಿತ್ರ ಆಸ್ಟ್ರಿಯಾದ ಮೇಲೆ ಯುದ್ಧ ಸಾರಿತು. ಜರ್ಮನಿಯ ಮೇಲೆ ಸಾರಲು 1916ರ ಆಗಸ್ಟ್‌ವರೆಗೆ ಕಾಯಿತು. 1883ರಿಂದ ಗುಟ್ಟಾಗಿ ಇದೇ ಕೂಟದ ಜೊತೆಗಿದ್ದ ರೊಮೇನಿಯಾ ಮಾಡಿದ್ದೂ ಅದನ್ನೇ. ಇಷ್ಟಾದ ಮೇಲೆ ಒಪ್ಪಂದಗಳೇ ಎಲ್ಲರನ್ನೂ ಯುದ್ಧಕ್ಕೆ ಎಳೆದವೆಂದು ಯಾವ ವಿದ್ಯಾರ್ಥಿಯೂ ಸಲೀಸಾಗಿ ಹೇಳುವುದಿಲ್ಲ.

ಎದುರು ಬಣದ, ಅಂದರೆ ಬ್ರಿಟನ್, ಫ್ರಾನ್ಸ್ ಮತ್ತು ರಷ್ಯಾಗಳ, ತ್ರಿಸೌಹಾರ್ದ ಕೂಟ ಇನ್ನೂ ಸಡಿಲ. ಬ್ರಿಟನ್ 1904ರಲ್ಲಿ ಫ್ರಾನ್ಸಿನೊಂದಿಗೆ ಈಜಿಪ್ಟ್ ಮತ್ತು ಮೊರಾಕ್ಕೋಗಳ, 1907ರಲ್ಲಿ ರಷ್ಯಾದೊಂದಿಗೆ ಪರ್ಷಿಯಾ, ಅಫ್ಘಾನಿಸ್ತಾನ ಮತ್ತು ಟಿಬೆಟ್‌ಗಳ ತಕರಾರುಗಳನ್ನು ಬಗೆಹರಿಸಿಕೊಂಡಿತ್ತೇ ಹೊರತು, ಯುದ್ಧ ಬಂದರೆ ಸೇನೆ ಕಳುಹಿಸುತ್ತೇನೆಂದು ಎಲ್ಲಿಯೂ ಬರೆದುಕೊಟ್ಟಿರಲಿಲ್ಲ. ಫ್ರಾನ್ಸಿನತ್ತ ಹೊರಟ ಜರ್ಮನ್ ಸೇನೆ ಬೆಲ್ಜಿಯಂಗೆ ನುಗ್ಗಿದ್ದರಿಂದ, ಆಗಸ್ಟ್ 4ರ ಬ್ರಿಟನ್ನಿನ ಸಾಲಿನಲ್ಲಿ ನಾವು ಬರೆಯುವುದು ಬೆಲ್ಜಿಯಂನ ತಟಸ್ಥತೆಯ 1839ರ ಒಪ್ಪಂದವನ್ನು. ಪ್ರತ್ಯೇಕವಾಗಿ ಶಾಂತಿ ಮಾಡಿಕೊಳ್ಳುವುದಿಲ್ಲವೆಂದು ಮೂವರೂ ಸಹಿ ಹಾಕಿದ್ದು ಸೆಪ್ಟೆಂಬರ್ 5ರಂದು, ಅಂದರೆ ಯುದ್ಧ ಆರಂಭವಾಗಿ ಒಂದು ತಿಂಗಳಾದ ಬಳಿಕ. ಆಗಸ್ಟ್ 23ರಂದು ಯುದ್ಧಕ್ಕಿಳಿದ ಜಪಾನಿನ ಕಣ್ಣು ಚೀನಾದ ತೀರದಲ್ಲಿ ಜರ್ಮನಿಯ ವಶದಲ್ಲಿದ್ದ ಚಿಂಗ್‌ದಾವ್ ಮೇಲಿತ್ತು. ನವೆಂಬರ್ 7ರಂದು ಅದು ಕೈಸೇರಿತು.

ಭಾರತದ ಸಾಲು ಎಲ್ಲಿ ಎಂದು ವಿದ್ಯಾರ್ಥಿಗಳು ಕೇಳದೆ ಬಿಡುವುದಿಲ್ಲ. ಪ್ರತ್ಯೇಕ ಸಾಲಿಲ್ಲ, ಲಂಡನ್ನಿನ ಘೋಷಣೆಯೊಂದಿಗೇ ನಾವೂ ಯುದ್ಧದಲ್ಲಿದ್ದೆವು. ಏಳು ವಾರ ಕಳೆಯುವಷ್ಟರಲ್ಲಿ, ಸೆಪ್ಟೆಂಬರ್ 22ರ ರಾತ್ರಿ, ಎಂಡೆನ್ ಎಂಬ ಜರ್ಮನ್ ಯುದ್ಧನೌಕೆ ಮದ್ರಾಸಿನ ಎಣ್ಣೆ ಟ್ಯಾಂಕುಗಳಿಗೆ ಗುಂಡಿಟ್ಟಿತು. ಸುಮಾರು 13 ಲಕ್ಷ ಭಾರತೀಯರು ಸಾಮ್ರಾಜ್ಯದ ಸೇವೆಯಲ್ಲಿದ್ದು, 70 ಸಾವಿರಕ್ಕೂ ಹೆಚ್ಚು ಜನ ಮಡಿದರು. ನಾಲ್ವಡಿ ಕೃಷ್ಣರಾಜ ಒಡೆಯರ್ 50 ಲಕ್ಷ ರೂಪಾಯಿಗಳನ್ನು ಯುದ್ಧನಿಧಿಗೆ ಕೊಟ್ಟರು. ಆಗಸ್ಟ್ 2ರಂದು ಜರ್ಮನಿಯೊಂದಿಗೆ ಗುಟ್ಟಾಗಿ ಸಹಿ ಹಾಕಿ, ಅಕ್ಟೋಬರ್ 29ರಂದು ಕಪ್ಪು ಸಮುದ್ರದ ರಷ್ಯನ್ ಬಂದರುಗಳಿಗೆ ಗುಂಡಿಟ್ಟು ಯುದ್ಧಕ್ಕೆ ಧುಮುಕಿದ ಒಟೋಮನ್ ಸಾಮ್ರಾಜ್ಯದ ವಿರುದ್ಧ ಹೋರಾಡಿದವರಲ್ಲಿ ಮೈಸೂರು ಲ್ಯಾನ್ಸರ್ಸ್ ಅಶ್ವದಳವೂ ಇತ್ತು. ಸೂಯೆಜ್ ಕಾಲುವೆಯನ್ನು ಕಾಯ್ದ ಈ ದಳ ಜೋಧ್‌ಪುರದ ಸವಾರರ ಜೊತೆಗೂಡಿ 1918ರ ಸೆಪ್ಟೆಂಬರ್ 23ರಂದು ಹೈಫಾವನ್ನು ಗೆದ್ದಿತು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅದರ ಸ್ಮಾರಕವಿದೆ. ಆದರೆ ಮೈಸೂರಿನ ಸವಾರನಿಗೆ ಒಟೋಮನ್ ಸುಲ್ತಾನನೊಡನೆ ಏನು ಜಗಳ ಎಂದರೆ ನಾಲ್ಕನೆಯ ಅಂಕಣದಲ್ಲಿ ಬರೆಯಲು ಏನೂ ಸಿಗುವುದಿಲ್ಲ.

ಈ ಪಾಠಕ್ಕೆ ಟಿಪ್ಪಣಿ ಬರೆಸುವುದಕ್ಕಿಂತ ಹೆಚ್ಚು ತರಗತಿಗಳು ಹಿಡಿಯುತ್ತವೆ, ಹಾಗಾಗಿ ಪ್ಯಾರಿಸ್ ಶಾಂತಿ ಸಮ್ಮೇಳನವನ್ನು ನಾನು ಬೇಗ ಮುಗಿಸುತ್ತೇನೆ. ಪರೀಕ್ಷೆಯ ಭಯ ಮಕ್ಕಳಿಗೆ ಇದ್ದೇ ಇರುತ್ತದೆ. ಹತ್ತು ಅಂಕದ ಉತ್ತರದಲ್ಲಿ ವಾಡಿಕೆಯ ಕಾರಣಗಳನ್ನೆಲ್ಲ ಅರ್ಧ ಪುಟದೊಳಗೆ ಬರೆದು, ಉಳಿದ ಜಾಗದಲ್ಲಿ ಆಗಸ್ಟ್ 6ರ ಸಾಲನ್ನೂ ಇಟಲಿಯ ಸಾಲನ್ನೂ ದಿನಾಂಕಸಹಿತ ವಿವರಿಸಿ ಎಂದು ಹೇಳಿಕೊಡುತ್ತೇನೆ.