ಕಾಯಿಲೆಯಿಂದ ಸತ್ತ ಫ್ರೀಮೇಸನ್ ಸೈನಿಕನ ಬಗ್ಗೆ ಹುಡುಕಿ ಬರೆಯೋದು ಹೇಗೆ

ಮೊದಲ ಮಹಾಯುದ್ಧದ ಬ್ರಿಟಿಷ್ ಸೈನಿಕನೊಬ್ಬನ ಹೆಸರು ಸಿಕ್ಕಿದೆ, ಅವನು ಫ್ರೀಮೇಸನ್ (ಫ್ರೀಮೇಸನ್ರಿ ಅನ್ನೋ ಹಳೇ ಸೋದರ ಸಂಘದ ಸದಸ್ಯ) ಅಂತಲೂ ಗೊತ್ತು, ಆದರೆ ಪಟ್ಟಿಯಲ್ಲಿ ಬರೀ 'ಸತ್ತ' ಅಂತಿದೆ. ಆ ಪದದಿಂದಲೇ ಶುರು ಮಾಡಿ. ಆಗಿನ ಸೇನೆ ಮೂರು ಥರ ಬರೆಯುತ್ತಿತ್ತು: ಕಾಳಗದಲ್ಲಿ ಹತನಾದ, ಗಾಯದಿಂದ ಸತ್ತ, ಸತ್ತ. ಮೂರನೆಯದು ಸಾಮಾನ್ಯವಾಗಿ ಕಾಯಿಲೆ, ಇಲ್ಲಾ ಅಪಘಾತ. ಮೆಸೊಪೊಟೇಮಿಯಾದಲ್ಲಿ (ಈಗಿನ ಇರಾಕ್) ಆಮಶಂಕೆ, ಕಾಲರಾ, ಬಿಸಿಲಿನ ಹೊಡೆತ. ಗ್ರೀಸಿನ ಸಲೋನಿಕಾದಲ್ಲಿ ಮಲೇರಿಯಾ. ಬಾಗ್ದಾದ್ ಗೆದ್ದ ಜನರಲ್ ಮಾಡ್ ಕೂಡ 1917ರ ನವೆಂಬರ್‌ನಲ್ಲಿ ಸತ್ತದ್ದು ಕಾಲರಾದಿಂದಲೇ.

ಮೊದಲು ಯುದ್ಧದಲ್ಲಿ ಸತ್ತವರ ಸಮಾಧಿ ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ವೆಬ್‌ಸೈಟಿನಲ್ಲಿ ಹೆಸರು ಹಾಕಿ ನೋಡಿ. 4 ಆಗಸ್ಟ್ 1914ರಿಂದ 31 ಆಗಸ್ಟ್ 1921ರೊಳಗೆ ಸೇವೆಯಲ್ಲಿದ್ದಾಗ ಸತ್ತವರಿಗೆಲ್ಲ ಒಂದೇ ಥರದ ಗೌರವ, ಗುಂಡೋ ಜ್ವರವೋ ಅಂತ ಅವರು ಕೇಳೋದಿಲ್ಲ. ಅಲ್ಲಿರುವ ಹಳೇ ಕಾಗದಗಳ ಚಿತ್ರ ತೆರೆಯಲು ಮರೆಯಬೇಡಿ, ಸಮಾಧಿ ಕಲ್ಲಿನ ಕೆಳಭಾಗದಲ್ಲಿ ಮನೆಯವರು ಕೆತ್ತಿಸಿದ ಸಾಲು ಅದರಲ್ಲಿರಬಹುದು. ಆಗ ಅದಕ್ಕೆ 66 ಅಕ್ಷರಗಳ ಮಿತಿ ಇತ್ತು, ಅಕ್ಷರಕ್ಕೆ ಮೂರೂವರೆ ಪೆನ್ನಿ ದರ ಬೇರೆ. ಮಗ ಸತ್ತ ಮನೆಗೆ ಅಕ್ಷರದ ಲೆಕ್ಕದಲ್ಲಿ ಬಿಲ್ಲು!

ಸೈನಿಕರ ಕಡತ ಸಿಗದಿದ್ದರೆ ಬೇಜಾರಾಗಬೇಡಿ. ಲಂಡನ್ ಮೇಲಿನ 1940ರ ಬಾಂಬ್ ದಾಳಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಸುಟ್ಟುಹೋದವು. ಬದಲಿಗೆ ಅವನಿದ್ದ ಸೇನಾ ಆಸ್ಪತ್ರೆಯ ಯುದ್ಧ ದಿನಚರಿ (ದಿನದಿನದ ಅಧಿಕೃತ ದಾಖಲೆ) ಹುಡುಕಿ. ಸಾಮಾನ್ಯ ಸೈನಿಕನ ಹೆಸರು ಅಲ್ಲಿ ಬರೋದು ಅಪರೂಪ, ಆದರೆ ಆ ವಾರ ಯಾವ ರೋಗ ಹರಡಿತ್ತು, ಎಷ್ಟು ಜನ ದಾಖಲಾದರು ಅನ್ನೋದು ಸಿಗಬಹುದು. ಇಂಗ್ಲೆಂಡಿನಲ್ಲೇ ಸತ್ತಿದ್ದರೆ ಮರಣ ಪ್ರಮಾಣಪತ್ರ ತರಿಸಿ, ಕಾರಣ ಅದರಲ್ಲೇ ಇರುತ್ತದೆ. ಭಾರತದಲ್ಲಿ ಸತ್ತಿದ್ದರೆ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಹೂಳಿದವರ ರಿಜಿಸ್ಟರ್ ಇದೆ. ಬೆಂಗಳೂರು ದಂಡಿನಲ್ಲಿ ಸತ್ತವನನ್ನು ಮದರಾಸಿನ ಪುಸ್ತಕಗಳಲ್ಲಿ ಹುಡುಕಬೇಕು. ಸಮಾಧಿ ಬೆಂಗಳೂರಿನಲ್ಲಿದ್ದರೂ ಹೆಸರು ಚೆನ್ನೈನ ನಂದಂಬಾಕ್ಕಂ ಸ್ಮಾರಕದ ಮೇಲಿರಬಹುದು, ನೋಡಿಕೊಳ್ಳಿ.

ಇನ್ನು ಲಾಡ್ಜ್, ಅಂದರೆ ಫ್ರೀಮೇಸನ್‌ಗಳ ಸ್ಥಳೀಯ ಶಾಖೆ. 1751ರಿಂದ 1921ರವರೆಗಿನ ಇಂಗ್ಲೆಂಡ್ ಗ್ರ್ಯಾಂಡ್ ಲಾಡ್ಜ್‌ನ (ಲಾಡ್ಜ್‌ಗಳ ಮೇಲಿನ ಕೇಂದ್ರ ಸಂಸ್ಥೆ) ಸದಸ್ಯರ ರಿಜಿಸ್ಟರ್ ವಂಶಾವಳಿ ಹುಡುಕುವ ಆನ್ಸೆಸ್ಟ್ರಿ ವೆಬ್‌ಸೈಟಿನಲ್ಲಿದೆ: ಸೇರಿದ ದಿನ, ಕಸುಬು, ಲಾಡ್ಜ್ ನಂಬರು. ಆ ನಂಬರನ್ನು ಲಾಡ್ಜ್‌ಗಳ ಪಟ್ಟಿಯಿರುವ ಲೇನ್ಸ್ ಮೇಸೋನಿಕ್ ರೆಕಾರ್ಡ್ಸ್ ವೆಬ್‌ಸೈಟಿನಲ್ಲಿ ಹಾಕಿದರೆ ಸಭೆ ಎಲ್ಲಿ ಸೇರುತ್ತಿತ್ತು ಅಂತ ತಿಳಿಯುತ್ತದೆ. ಲಂಡನ್ನಿನ ಫ್ರೀಮೇಸನ್ಸ್ ಹಾಲ್ ಕಟ್ಟಿದ್ದೇ (1927–33) ಯುದ್ಧದಲ್ಲಿ ಸತ್ತ ಸದಸ್ಯರ ನೆನಪಿಗೆ. ಅಲ್ಲಿನ ಗೌರವ ಪಟ್ಟಿಯಲ್ಲಿ 3,225 ಹೆಸರುಗಳಿವೆ. ಮೇಸೋನಿಕ್ ಗ್ರೇಟ್ ವಾರ್ ಪ್ರಾಜೆಕ್ಟ್ ಅನ್ನೋ ವೆಬ್‌ಸೈಟ್ ಇವರ ಕತೆಗಳನ್ನೇ ಒಂದೊಂದಾಗಿ ಸೇರಿಸುತ್ತಿದೆ, ನಿಮ್ಮವನು ಆಗಲೇ ಅಲ್ಲಿರಬಹುದು.

ಬರೆಯುವಾಗ 'ರಕ್ತ ಹರಿಸಿದ' ಅಂತೆಲ್ಲ ಸುಮ್ನೆ ಸೇರಿಸಬೇಡಿ. ಹರಿಸಿಲ್ಲವಲ್ಲ! ಆಮಶಂಕೆ ಆಗಿದ್ದರೆ ಆಮಶಂಕೆ ಅಂತಲೇ ಬರೆಯಿರಿ, ಆಸ್ಪತ್ರೆಯಲ್ಲಿ ಎಷ್ಟು ದಿನ ಇದ್ದ ಅನ್ನೋದನ್ನೂ ಹಾಕಿ. ಫ್ರೀಮೇಸನ್ ಅಂದ ಕೂಡಲೇ ಗುಪ್ತ ಸಂಘ, ಪಿತೂರಿ ಅಂತ ಹೊರಡೋದೂ ಬೇಡ.

ಲಾಡ್ಜ್ ಇನ್ನೂ ನಡೆಯುತ್ತಿದ್ದರೆ ಕಾರ್ಯದರ್ಶಿಗೆ ಪತ್ರ ಹಾಕಿ, ನಡಾವಳಿ ಪುಸ್ತಕದಲ್ಲಿ ಅವನ ಬಗ್ಗೆ ಏನಿದೆ ಅಂತ ಕೇಳಿ. ಸತ್ತ ತಿಂಗಳಿನ ಪುಟ ಮಾತ್ರ ಸಾಲದು. ಸುದ್ದಿ ಮುಟ್ಟೋದು ತಡವಾಗಿರುತ್ತೆ, ಬೇಸಿಗೆಯಲ್ಲಿ ಬಹಳಷ್ಟು ಲಾಡ್ಜ್‌ಗಳು ಸಭೆ ಸೇರೋದೇ ಇಲ್ಲ, ಅದಕ್ಕೇ ಮುಂದಿನ ನಾಲ್ಕೈದು ತಿಂಗಳ ಪುಟಗಳನ್ನೂ ನೋಡಲು ಹೇಳಿ.