ಮೋಸದ ಲಿಂಕಿನಿಂದ ಹೋದ ಹಣವನ್ನು ಬ್ಯಾಂಕಿನಿಂದ ಮರಳಿ ಕೇಳುವ ಕ್ರಮ

ಶಿಡ್ಲಘಟ್ಟದ ಬಳಿ ರೇಷ್ಮೆ ಬೆಳೆಯುವ ನಮ್ಮ ನೆರೆಯವರೊಬ್ಬರ ಖಾತೆಗೆ ಗೂಡು ಮಾರಿದ ಹಣ ಬಿದ್ದ ಮರುದಿನ, ತಿಂಗಳ ಎರಡನೇ ಶನಿವಾರ ಸಂಜೆ, ಕೆವೈಸಿ ನವೀಕರಿಸದಿದ್ದರೆ ಇಂದು ರಾತ್ರಿಯೇ ಖಾತೆ ಬಂದ್ ಆಗುತ್ತದೆ ಎಂಬ ಸಂದೇಶ ಬಂತು. ಅದರಲ್ಲಿದ್ದ ಲಿಂಕನ್ನು ಒತ್ತಿದಾಗ ತೆರೆದ ಪುಟ ಬ್ಯಾಂಕಿನ ಪುಟದಂತೆಯೇ ಇತ್ತು. ಅವರು ಯೂಸರ್ ಐಡಿ, ಪಾಸ್‌ವರ್ಡ್ ತುಂಬಿದರು, ಕೇಳಿದಾಗಲೆಲ್ಲ ಒಟಿಪಿಯನ್ನೂ ಕೊಟ್ಟರು. 6.52ಕ್ಕೆ 20,000 ರೂಪಾಯಿ, 6.58ಕ್ಕೆ 24,000, 7.19ಕ್ಕೆ ಇನ್ನೊಂದು 24,000 ಹೋಯಿತು. ಈ ಗಂಟೆ ನಿಮಿಷಗಳನ್ನು ಇಷ್ಟು ಕಟ್ಟುನಿಟ್ಟಾಗಿ ಬರೆಯಲು ಕಾರಣವಿದೆ. ಕೊನೆಗೆ ಅವರ ಕೈಗೆ ಎಷ್ಟು ಬಂತು ಎಂಬುದನ್ನು ನಿರ್ಧರಿಸಿದ್ದು ಆ ನಿಮಿಷಗಳೇ.

ಹಣ ಮರಳುವುದಕ್ಕೆ ಎರಡು ದಾರಿಗಳಿವೆ, ಮತ್ತು ಜನ ಅವೆರಡನ್ನೂ ಒಂದೇ ಎಂದು ತಿಳಿದು ಎಡವುತ್ತಾರೆ. ಒಂದು ಪೊಲೀಸರ ದಾರಿ: ಕಳ್ಳನ ಖಾತೆಯಲ್ಲಿ ಹಣ ಇನ್ನೂ ಉಳಿದಿದ್ದರೆ ಅದನ್ನು ತಡೆಹಿಡಿದು ನಿಮಗೆ ಕೊಡಿಸುವುದು. ಇನ್ನೊಂದು ಬ್ಯಾಂಕಿನ ದಾರಿ: ನಷ್ಟದ ಹೊಣೆ ಯಾರದು ಎಂದು ನಿಯಮದ ಪ್ರಕಾರ ತೀರ್ಮಾನಿಸಿ, ಬ್ಯಾಂಕಿನದ್ದಾದರೆ ಬ್ಯಾಂಕೇ ತುಂಬಿಕೊಡುವುದು. ಪೊಲೀಸರಿಗೆ ದೂರು ಕೊಟ್ಟ ಮಾತ್ರಕ್ಕೆ ಬ್ಯಾಂಕಿಗೆ ದೂರು ಕೊಟ್ಟಂತಾಯಿತು ಎಂದು ಸುಮ್ಮನೆ ಕೂರಬೇಡಿ. ಎರಡನ್ನೂ ಅದೇ ಗಂಟೆಯಲ್ಲಿ ಮಾಡಿ.

ಮೊದಲ ಕರೆ ಬ್ಯಾಂಕಿನ ಸಹಾಯವಾಣಿಗೆ. ಸಂಖ್ಯೆಯನ್ನು ಪಾಸ್‌ಬುಕ್ಕಿನಿಂದ ಅಥವಾ ಎಟಿಎಂ ಕಾರ್ಡಿನ ಹಿಂಬದಿಯಿಂದ ನೋಡಿಕೊಳ್ಳಿ. ಗೂಗಲ್‌ನಲ್ಲಿ ಹುಡುಕಿದರೆ ಇನ್ನೊಬ್ಬ ಕಳ್ಳನ ಸಂಖ್ಯೆಯೇ ಸಿಗಬಹುದು. ಶಾಖೆಗೆ ರಜೆ ಇದ್ದರೂ ಇಂತಹ ದೂರು ಸ್ವೀಕರಿಸಲು ದಿನದ 24 ಗಂಟೆಯೂ ವ್ಯವಸ್ಥೆ ಇಡಬೇಕಾದದ್ದು ಬ್ಯಾಂಕಿನ ಕರ್ತವ್ಯ. ಇಂಟರ್ನೆಟ್ ಬ್ಯಾಂಕಿಂಗ್, ಯುಪಿಐ ಮತ್ತು ಕಾರ್ಡ್ ಮೂರನ್ನೂ ಬಂದ್ ಮಾಡಿಸಿ, ದೂರಿನ ಸಂಖ್ಯೆ ಪಡೆಯದೆ ಫೋನ್ ಇಡಬೇಡಿ. ನಂತರದ ಕರೆ ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ 1930ಕ್ಕೆ. ಅಲ್ಲಿ ಖಾತೆ ಸಂಖ್ಯೆ, ಹೋದ ಮೊತ್ತ, ಸಮಯ ಮತ್ತು ವಹಿವಾಟಿನ ಉಲ್ಲೇಖ ಸಂಖ್ಯೆಯನ್ನು ಕೇಳುತ್ತಾರೆ. ಯುಪಿಐ ಆಗಿದ್ದರೆ ಅದು 12 ಅಂಕಿಗಳ ಸಂಖ್ಯೆ. ಕಳ್ಳರು ಹಣವನ್ನು ಒಂದು ಖಾತೆಯಲ್ಲಿ ಬಿಡದೆ, ಬಾಡಿಗೆಗೆ ಪಡೆದ ಹತ್ತಾರು ಖಾತೆಗಳಿಗೆ ಚದುರಿಸಿ ಎಟಿಎಂನಲ್ಲಿ ತೆಗೆದುಬಿಡುವುದರಿಂದ ಇಲ್ಲಿ ತಡ ಮಾಡಿದಷ್ಟೂ ಸಿಗುವುದು ಕಡಿಮೆ. ದೂರವಾಣಿಯಲ್ಲಿ ಹೇಳಿದ್ದನ್ನು ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಜಾಲತಾಣದಲ್ಲಿ ಪೂರ್ಣಗೊಳಿಸಿ, ಸ್ವೀಕೃತಿಯನ್ನು ಮುದ್ರಿಸಿಟ್ಟುಕೊಳ್ಳಿ.

ಮೊಬೈಲಿನಿಂದ ಏನನ್ನೂ ಅಳಿಸಬೇಡಿ. ನಾಚಿಕೆಯಿಂದಲೋ ಮನೆಯವರ ಬೈಗುಳಕ್ಕೆ ಹೆದರಿಯೋ ಮೋಸದ ಸಂದೇಶವನ್ನು ಅಳಿಸಿದವರನ್ನು ನಾನು ಕಂಡಿದ್ದೇನೆ. ಸಂದೇಶ, ಲಿಂಕ್, ಹಣ ಕಡಿತವಾದ ಎಸ್‌ಎಂಎಸ್, ಕರೆಗಳ ಪಟ್ಟಿ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಡಿ. ಪಾಸ್‌ಬುಕ್ಕಿನಲ್ಲಿ ದಿನಾಂಕ ಮಾತ್ರ ಇರುತ್ತದೆ, ಗಂಟೆ ಇರುವುದಿಲ್ಲ; ಗಂಟೆ ತಿಳಿಯಲು ಎಸ್‌ಎಂಎಸ್ ಬೇಕು.

ಇನ್ನು ಲಿಖಿತ ದೂರು. ಶಾಖೆ ತೆರೆದ ಮೊದಲ ದಿನವೇ ಎರಡು ಪ್ರತಿ ಒಯ್ದು, ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ದಿನಾಂಕ ಸಹಿತ ಮೊಹರು ಹಾಕಿಸಿಕೊಳ್ಳಿ. ಮೊಹರು ಹಾಕಲು ಹಿಂಜರಿದರೆ ಸ್ಪೀಡ್ ಪೋಸ್ಟ್‌ನಲ್ಲೋ ಬ್ಯಾಂಕಿನ ಅಧಿಕೃತ ಇ-ಮೇಲ್‌ಗೋ ಅದನ್ನೇ ಕಳುಹಿಸಿ. ನಮ್ಮ ಜನ ಬರೆಯುವ ಪತ್ರಗಳು ಬಹುತೇಕ ‘ತಾವು ದಯಮಾಡಿ ಕೃಪೆ ತೋರಬೇಕು’ ಎಂದೇ ಮುಗಿಯುತ್ತವೆ. ಅದು ಅರ್ಜಿಯಾಗುತ್ತದೆ, ದೂರಾಗುವುದಿಲ್ಲ. ದೂರಿನ ತಿರುಳು ಹೀಗಿರಲಿ: ‘ಕೆಳಕಂಡ ವಹಿವಾಟುಗಳನ್ನು ನಾನು ಮಾಡಿರುವುದಿಲ್ಲ. ಇಂಥ ದಿನ ಇಷ್ಟು ಗಂಟೆಗೆ ಸಹಾಯವಾಣಿಗೆ ತಿಳಿಸಿದ್ದು, ದೂರಿನ ಸಂಖ್ಯೆ ಇಂತಿದೆ. ಭಾರತೀಯ ರಿಸರ್ವ್ ಬ್ಯಾಂಕಿನ ನಿಯಮದಂತೆ ಮೊತ್ತವನ್ನು ಖಾತೆಗೆ ಜಮಾ ಮಾಡಿ, ಹೊಣೆಯನ್ನು ನಿರ್ಧರಿಸಿ, ನಿರಾಕರಿಸುವುದಾದರೆ ಕಾರಣವನ್ನು ಪುರಾವೆ ಸಹಿತ ಲಿಖಿತವಾಗಿ ತಿಳಿಸಬೇಕು.’ ನಡೆದದ್ದನ್ನು ನಡೆದಂತೆಯೇ ಬರೆಯಿರಿ. ಒಟಿಪಿ ಕೊಟ್ಟಿದ್ದರೆ ಕೊಟ್ಟಿಲ್ಲವೆಂದು ಬರೆಯಬೇಡಿ, ಬ್ಯಾಂಕಿನ ದಾಖಲೆಯಲ್ಲಿ ಅದು ಸಿಕ್ಕಿಬೀಳುತ್ತದೆ. ಕೊಡದಿದ್ದರೆ, ‘ಗ್ರಾಹಕರು ಒಟಿಪಿ ಹಂಚಿಕೊಂಡಿದ್ದಾರೆ’ ಎಂದು ಮೊದಲೇ ಅಚ್ಚಾಗಿರುವ ನಮೂನೆಗೆ ಕಣ್ಣುಮುಚ್ಚಿ ಸಹಿ ಹಾಕಬೇಡಿ.

ಪತ್ರದಲ್ಲಿ ಹೆಸರಿಸಿದ ನಿಯಮದ ಚೌಕಟ್ಟು ಬಂದದ್ದು ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯಿಂದ. ಸಹಕಾರಿ ಬ್ಯಾಂಕುಗಳಿಗೆ ಅದೇ ವರ್ಷದ ಡಿಸೆಂಬರ್ 14ರಂದು ಅದು ಬಂತು. ಇಂಥವು ಪರಿಷ್ಕರಣೆಯಾಗುತ್ತಿರುವುದರಿಂದ, ಮೋಸ ನಡೆದ ದಿನ ಜಾರಿಯಲ್ಲಿದ್ದ ಗ್ರಾಹಕ ರಕ್ಷಣಾ ನೀತಿಯ ಪ್ರತಿಯನ್ನು ಶಾಖೆಯಲ್ಲೇ ಕೇಳಿ ಪಡೆಯಿರಿ. ಆ ಸುತ್ತೋಲೆಯ ಪ್ರಕಾರ ತಪ್ಪು ಬ್ಯಾಂಕಿನದ್ದಾದರೆ ನಿಮ್ಮ ಹೊಣೆ ಶೂನ್ಯ, ನೀವು ತಿಳಿಸಿರಲಿ, ಬಿಡಲಿ. ತಪ್ಪು ಬ್ಯಾಂಕಿನದೂ ಅಲ್ಲ, ನಿಮ್ಮದೂ ಅಲ್ಲ, ಮಧ್ಯದ ವ್ಯವಸ್ಥೆಯಲ್ಲೆಲ್ಲೋ ಸೋರಿಕೆಯಾಗಿದ್ದರೆ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರ ಹೊಣೆಯೂ ಶೂನ್ಯ. ನಾಲ್ಕರಿಂದ ಏಳನೇ ದಿನದೊಳಗೆ ತಿಳಿಸಿದರೆ ಸಾಮಾನ್ಯ ಉಳಿತಾಯ ಖಾತೆಯವರು ಪ್ರತಿ ವಹಿವಾಟಿಗೆ ಹೆಚ್ಚೆಂದರೆ 10,000 ರೂಪಾಯಿ, ಮೂಲ ಉಳಿತಾಯ ಖಾತೆಯವರು (ಕನಿಷ್ಠ ಶಿಲ್ಕಿನ ಕಡ್ಡಾಯವಿಲ್ಲದ ಖಾತೆ) 5,000 ರೂಪಾಯಿ ಹೊರಬೇಕು. ಏಳು ದಿನ ದಾಟಿದರೆ ಬ್ಯಾಂಕಿನ ಆಡಳಿತ ಮಂಡಳಿ ಒಪ್ಪಿದ ನೀತಿಯೇ ಗತಿ.

ಈ ದಿನಗಳನ್ನು ಎಣಿಸುವಾಗ ಸಂದೇಶ ಬಂದ ದಿನವನ್ನು ಬಿಡಬೇಕು, ನಿಮ್ಮ ಶಾಖೆಯ ರಜೆಗಳನ್ನೂ ಬಿಡಬೇಕು. ಎರಡನೇ ಶನಿವಾರ ಸಂದೇಶ ಬಂದಿದ್ದರೆ ಭಾನುವಾರ ಲೆಕ್ಕಕ್ಕಿಲ್ಲ. ನಡುವೆ ಹಬ್ಬದ ರಜೆ ಇಲ್ಲದಿದ್ದರೆ ಸೋಮವಾರ ಒಂದು, ಮಂಗಳವಾರ ಎರಡು, ಬುಧವಾರ ಮೂರು. ಕೌಂಟರಿನಲ್ಲಿ ‘ಅವಧಿ ಮುಗಿಯಿತು’ ಎಂದರೆ ಕ್ಯಾಲೆಂಡರ್ ತೋರಿಸಿ ಎಣಿಸಿ.

ಆದರೆ ನಕಲಿ ಪುಟದಲ್ಲಿ ಪಾಸ್‌ವರ್ಡ್ ಅಥವಾ ಒಟಿಪಿ ತುಂಬಿದವರ ವಿಷಯ ಬೇರೆ. ಅದನ್ನು ಗ್ರಾಹಕರ ಅಜಾಗರೂಕತೆ ಎಂದು ಪರಿಗಣಿಸಲಾಗುತ್ತದೆ; ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಪೂರ್ತಿ ಅವರದ್ದು, ತಿಳಿಸಿದ ನಂತರದ ನಷ್ಟ ಬ್ಯಾಂಕಿನದ್ದು. ಈ ಎರಡನೆಯ ಭಾಗವನ್ನು ಬ್ಯಾಂಕುಗಳು ತಾವಾಗಿ ಹೇಳುವುದು ಅಪರೂಪ. ನಮ್ಮ ನೆರೆಯವರು ಸಹಾಯವಾಣಿಗೆ ಕರೆ ಮಾಡಿದ್ದು 7.06ಕ್ಕೆ, ದೂರಿನ ಸಂಖ್ಯೆಯ ಎಸ್‌ಎಂಎಸ್ ಬಂದದ್ದು 7.11ಕ್ಕೆ. ಮೂರನೆಯ ವಹಿವಾಟು ನಡೆದದ್ದು ಎಂಟು ನಿಮಿಷ ತಡವಾಗಿ. ಬ್ಯಾಂಕು ಮೊದಲು ಒಂದೇ ಸಾಲಿನಲ್ಲಿ ಮೂರನ್ನೂ ತಿರಸ್ಕರಿಸಿತು. ಎರಡು ಎಸ್‌ಎಂಎಸ್‌ಗಳನ್ನು ಒಂದೇ ಹಾಳೆಯಲ್ಲಿ ಮೇಲೆ ಕೆಳಗೆ ಮುದ್ರಿಸಿ ಮತ್ತೊಂದು ಪತ್ರ ಕೊಟ್ಟ ಮೇಲೆ ಮೂರನೆಯ 24,000 ರೂಪಾಯಿಯನ್ನು ಜಮಾ ಮಾಡಿತು.

ಗ್ರಾಹಕರದೇ ತಪ್ಪು ಎಂದು ಸಾಬೀತುಪಡಿಸುವ ಹೊರೆ ಬ್ಯಾಂಕಿನ ಮೇಲಿದೆ. ದೂರು ಬಂದ 10 ಕೆಲಸದ ದಿನಗಳೊಳಗೆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಜಮಾ ಮಾಡಬೇಕು, 90 ದಿನಗಳೊಳಗೆ ದೂರನ್ನು ಇತ್ಯರ್ಥಪಡಿಸಬೇಕು ಎಂದೂ ಆ ಸುತ್ತೋಲೆ ಹೇಳುತ್ತದೆ. ತಾತ್ಕಾಲಿಕವಾಗಿ ಬಂದ ಹಣವನ್ನು ಗೆದ್ದ ಹಣವೆಂದು ಖರ್ಚು ಮಾಡಬೇಡಿ. ತೀರ್ಮಾನ ವಿರುದ್ಧವಾದರೆ ಅದು ವಾಪಸ್ ಹೋಗುತ್ತದೆ.

ಬ್ಯಾಂಕು 30 ದಿನ ಉತ್ತರಿಸದಿದ್ದರೆ, ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ, 2021ರ ನವೆಂಬರ್‌ನಲ್ಲಿ ಆರಂಭವಾದ ರಿಸರ್ವ್ ಬ್ಯಾಂಕಿನ ಸಮಗ್ರ ಒಂಬುಡ್ಸ್‌ಮನ್ (ಬ್ಯಾಂಕುಗಳ ಮೇಲಿನ ದೂರುಗಳನ್ನು ವಿಚಾರಿಸುವ ಅಧಿಕಾರಿ) ವ್ಯವಸ್ಥೆಗೆ ತಡಮಾಡದೆ ಹೋಗಬಹುದು. ಇದಕ್ಕೆ ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. ಸಿಎಂಎಸ್ ಡಾಟ್ ಆರ್‌ಬಿಐ ಡಾಟ್ ಆರ್ಗ್ ಡಾಟ್ ಇನ್ ತಾಣದಲ್ಲಿ ದೂರು ಸಲ್ಲಿಸಬಹುದು. 14448ಕ್ಕೆ ಕರೆ ಮಾಡಿದರೆ ಕನ್ನಡದಲ್ಲೂ ಮಾಹಿತಿ ಸಿಗುತ್ತದೆ. ಬ್ಯಾಂಕಿಗೆ ಕೊಟ್ಟ ಮೊಹರಿನ ಪ್ರತಿ ಇಲ್ಲದೆ ಇಲ್ಲಿಗೆ ಹೋದರೆ ದೂರು ನಿಲ್ಲುವುದು ಕಷ್ಟ. ಸೇವಾ ನ್ಯೂನತೆಯ ಆಧಾರದ ಮೇಲೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುವುದಾದರೆ ಎರಡು ವರ್ಷದ ಗಡುವಿದೆ. ಮೋಸ ತಿಳಿದ 24 ಗಂಟೆಯೊಳಗೆ ದೂರು ಕೊಟ್ಟಿದ್ದ ಗ್ರಾಹಕರೊಬ್ಬರಿಗೆ ಸ್ಟೇಟ್ ಬ್ಯಾಂಕ್ 94,000 ರೂಪಾಯಿಗೂ ಹೆಚ್ಚು ಮೊತ್ತ ಮರಳಿಸಬೇಕೆಂಬ ಗುವಾಹಟಿ ಹೈಕೋರ್ಟಿನ ತೀರ್ಪಿನಲ್ಲಿ ಮಧ್ಯಪ್ರವೇಶಿಸಲು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ನಿರಾಕರಿಸಿತು. ಇದನ್ನು ದೂರಿನಲ್ಲಿ ಒಂದು ಸಾಲಿನಲ್ಲಿ ಉಲ್ಲೇಖಿಸುವುದು ಉಪಯುಕ್ತ.

ಪೊಲೀಸರ ದಾರಿ ನಿಧಾನದ್ದು. ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಮೂರೂ ಕಡೆ ಸೈಬರ್ ಅಪರಾಧಗಳಿಗೆ ಸೆನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧ) ಠಾಣೆಗಳಿವೆ. ಕೆಜಿಎಫ್ ಪ್ರತ್ಯೇಕ ಪೊಲೀಸ್ ಜಿಲ್ಲೆಯಾದ್ದರಿಂದ ಅಲ್ಲಿಯದೇ ಬೇರೆ ಇದೆ. 1930ರ ಸ್ವೀಕೃತಿಯೊಂದಿಗೆ ಅಲ್ಲಿಗೆ ಹೋಗಿ, ಎಫ್‌ಐಆರ್ ದಾಖಲಾಗಿದೆಯೇ, ಯಾವ ಬ್ಯಾಂಕಿನ ಯಾವ ಖಾತೆಯಲ್ಲಿ ಎಷ್ಟು ಹಣ ತಡೆಹಿಡಿಯಲಾಗಿದೆ ಎಂದು ವಿಚಾರಿಸಿ. ತಡೆಹಿಡಿದ ಹಣ ತಾನಾಗಿ ನಿಮ್ಮ ಖಾತೆಗೆ ಹರಿದುಬರುವುದಿಲ್ಲ; ಹಲವು ಪ್ರಕರಣಗಳಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 503ನೇ ಕಲಮಿನಡಿ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಅರ್ಜಿ ಹಾಕಿ ಆದೇಶ ಪಡೆದು ಆ ಬ್ಯಾಂಕಿಗೆ ತಲುಪಿಸಬೇಕು. ನೆರೆಯವರ ಎರಡನೆಯ ವಹಿವಾಟಿನಲ್ಲಿ 15,000 ರೂಪಾಯಿ ಹೀಗೆ ಸಿಕ್ಕಿತು. 68,000ದಲ್ಲಿ 39,000 ಬಂತು, 29,000 ಬರಲಿಲ್ಲ.

ಕಾಯುವ ಆ ತಿಂಗಳುಗಳಲ್ಲಿ ಅವರಿಗೆ ಇನ್ನೊಂದು ಕರೆ ಬಂದಿತ್ತು: ‘ಸೈಬರ್ ಕಚೇರಿಯಿಂದ ಮಾತನಾಡುತ್ತಿದ್ದೇವೆ, ನಿಮ್ಮ ರೀಫಂಡ್ ಮಂಜೂರಾಗಿದೆ, ಸಂಸ್ಕರಣಾ ಶುಲ್ಕ 1,500 ಕಳುಹಿಸಿ.’ ಬ್ಯಾಂಕಾಗಲಿ, ಪೊಲೀಸರಾಗಲಿ, ಒಂಬುಡ್ಸ್‌ಮನ್ ಆಗಲಿ ಹಣ ಮರಳಿಸಲು ಫೋನಿನಲ್ಲಿ ಶುಲ್ಕ ಕೇಳುವುದಿಲ್ಲ. ಅಂಥ ಕರೆ ಬಂದರೆ ಸಂಖ್ಯೆಯನ್ನು ಬರೆದುಕೊಂಡು ಅದನ್ನೂ ಸೆನ್ ಠಾಣೆಯ ಕಡತಕ್ಕೆ ಸೇರಿಸಿ.