ಎಂಟನೇ ತಿಂಗಳಲ್ಲೇ ಹೇಳಿಬಿಡುತ್ತೇನೆ

ನಾನು ಅರಿವಳಿಕೆ ವೈದ್ಯೆ. ಹೆರಿಗೆ ನೋವು ತಗ್ಗಿಸಲು ಬೆನ್ನಿನಲ್ಲಿ ಸಣ್ಣ ಕೊಳವೆ ಇಟ್ಟು ಔಷಧಿ ಕೊಡುವುದಕ್ಕೆ ಎಪಿಡ್ಯೂರಲ್ ಎನ್ನುತ್ತಾರೆ. ಮೊದಮೊದಲು ಅದರ ಬಗ್ಗೆ ಹೆರಿಗೆ ಕೋಣೆಯಲ್ಲೇ ವಿವರಿಸುತ್ತಿದ್ದೆ. ಅಲ್ಲಿ ಮೂರು ನಿಮಿಷಕ್ಕೊಮ್ಮೆ ನೋವು ಬರುತ್ತಿದ್ದರೆ, ಇಲ್ಲಿ ನನ್ನದು ಅಪಾಯಗಳ ಪಟ್ಟಿ. "ಎಲ್ಲಿ ಸಹಿ ಹಾಕ್ಬೇಕು ಹೇಳಿ ಡಾಕ್ಟ್ರೇ" ಎಂದು ಒಬ್ಬರು ಹಲ್ಲು ಕಚ್ಚಿಕೊಂಡೇ ಕೇಳಿದ್ದರು. ಅವರಿಗೆ ಬಲಗಡೆ ನೋವು ಹೋಯಿತು, ಎಡಗಡೆ ಹಾಗೇ ಉಳಿಯಿತು. ಕೊಳವೆಯನ್ನು ಸ್ವಲ್ಪ ಹಿಂದಕ್ಕೆಳೆದು ಮತ್ತೆ ಔಷಧಿ ಕೊಟ್ಟ ಮೇಲೆ ಸರಿಹೋಯಿತು. ಮರುದಿನ ನೋಡಲು ಹೋದರೆ, "ಹೀಗಾಗಬಹುದು ಅಂತ ನೀವು ಹೇಳಲೇ ಇಲ್ಲ" ಎಂದರು. ಹೇಳಿದ್ದೆ. ಅವರ ಕಿವಿಗೆ ಬಿದ್ದಿರಲಿಲ್ಲ, ಅಷ್ಟೇ.

ಆಮೇಲಿಂದ ಎಂಟನೇ ತಿಂಗಳ ತಪಾಸಣೆಗೆ ಬಂದಾಗಲೇ ಕೂರಿಸಿಕೊಂಡು ಮಾತಾಡುತ್ತೇನೆ. ಗಂಡನೋ ಅಮ್ಮನೋ ಜೊತೆಗಿದ್ದರೆ ಇನ್ನೂ ಒಳ್ಳೆಯದು. ಅನುಮಾನ ಜಾಸ್ತಿ ಇರುವುದು ಅವರಿಗೇ!

ಮೊದಲು ಕೊಳವೆಯನ್ನು ಕೈಗೆ ಕೊಡುತ್ತೇನೆ. ಹೆಚ್ಚೆಂದರೆ ಒಂದು ಮಿಲಿಮೀಟರ್ ದಪ್ಪ, ಮೆತ್ತಗೆ ಬಾಗುತ್ತದೆ. ಸೂಜಿಯನ್ನು ತೆಗೆದುಬಿಡುತ್ತೇವೆ, ಬೆನ್ನಲ್ಲಿ ಉಳಿಯುವುದು ಇದೊಂದೇ ಎಂದಾಗ ಅರ್ಧ ಭಯ ಅಲ್ಲೇ ಇಳಿಯುತ್ತದೆ. ಇದನ್ನು ಹಾಕುವುದು ಬೆನ್ನುಹುರಿ ಮುಗಿಯುವ ಜಾಗಕ್ಕಿಂತ ಕೆಳಗೆ, ನರಗಳ ಸುತ್ತಲಿನ ಪೊರೆಯ ಹೊರಗೆ. ನರಕ್ಕೆ ಪೆಟ್ಟಾಗುವುದು ತೀರಾ ಅಪರೂಪ, ಆದರೆ ಆಗುವುದೇ ಇಲ್ಲ ಎಂದು ಹೇಳುವುದಿಲ್ಲ.

ಮುಂದಿನ ಪ್ರಶ್ನೆ ಗ್ಯಾರಂಟಿ: "ಜೀವನಪೂರ್ತಿ ಬೆನ್ನುನೋವು ಬರುತ್ತಂತೆ, ಹೌದಾ?" ಚುಚ್ಚಿದ ಜಾಗ ಕೆಲವು ದಿನ ನೋಯಬಹುದು. ಹೆರಿಗೆಯ ನಂತರದ ಬೆನ್ನುನೋವು ಎಪಿಡ್ಯೂರಲ್ ತೆಗೆದುಕೊಳ್ಳದವರಿಗೂ ಬರುತ್ತದೆ. ಇದರಿಂದ ಸಿಸೇರಿಯನ್ ಜಾಸ್ತಿಯಾಗುವುದಿಲ್ಲ. ಮಗುವನ್ನು ಹೊರದೂಡುವ ಹಂತ ಮಾತ್ರ ಸ್ವಲ್ಪ ಉದ್ದವಾಗಬಹುದು.

ಆಮೇಲೆ ಕಿರಿಕಿರಿಗಳು. ಬಿಪಿ ಇಳಿಯಬಹುದು, ಮೈ ತುರಿಸಬಹುದು, ನಡುಕ ಬರಬಹುದು, ಮೂತ್ರಕ್ಕೆ ಟ್ಯೂಬ್ ಬೇಕಾಗಬಹುದು. ಸುಮಾರು ನೂರರಲ್ಲಿ ಒಬ್ಬರಿಗೆ ಪೊರೆ ತೂತಾಗಿ ಜೋರು ತಲೆನೋವು ಬರುತ್ತದೆ. ಎದ್ದು ಕೂತರೆ ಹೆಚ್ಚಾಗುತ್ತದೆ, ಮಲಗಿದರೆ ಕಡಿಮೆ. ಅದಕ್ಕೂ ಚಿಕಿತ್ಸೆ ಇದೆ. ಒಂದು ಪಕ್ಕ ನೋವು ಉಳಿಯುವ ವಿಷಯವನ್ನಂತೂ ಈಗ ಎರಡು ಸಲ ಹೇಳುತ್ತೇನೆ.

ರಕ್ತ ತೆಳುವಾಗಿಸುವ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರೆ, ಪ್ಲೇಟ್‌ಲೆಟ್ ತುಂಬಾ ಕಡಿಮೆ ಇದ್ದರೆ, ಬೆನ್ನಿನಲ್ಲಿ ಸೋಂಕಿದ್ದರೆ ಕೊಡಲಾಗದೇ ಇರಬಹುದು. ಇದು ಎಂಟನೇ ತಿಂಗಳಲ್ಲೇ ಗೊತ್ತಾದರೆ ಬೇರೆ ದಾರಿ ಯೋಚಿಸಲು ಸಮಯ ಸಿಗುತ್ತದೆ, ಅಲ್ವಾ?

ಕೂರುವ ಭಂಗಿಯನ್ನೂ ಅಲ್ಲೇ ಮಾಡಿಸುತ್ತೇನೆ. ದಿಂಬು ತಬ್ಬಿಕೊಂಡು, ಭುಜ ಸಡಿಲ ಬಿಟ್ಟು, ಬೆಕ್ಕಿನ ಹಾಗೆ ಬೆನ್ನು ಬಾಗಿಸಬೇಕು. ತುಂಬಿದ ಹೊಟ್ಟೆಯಲ್ಲಿ ಇದು ಸುಲಭವಲ್ಲ, ನಗು ಬರುತ್ತದೆ. ನೋವು ಬಂದರೆ ಬಾಯಿಬಿಟ್ಟು ಹೇಳಿ, ನಾನು ಕಾಯುತ್ತೇನೆ, ಅಲುಗಾಡುವುದು ಮಾತ್ರ ಬೇಡ ಎನ್ನುತ್ತೇನೆ.

ಬೇಕೋ ಬೇಡವೋ ಎಂದು ಅಂದೇ ಹೇಳಬೇಕಿಲ್ಲ. ಬದಲಿಗೆ, "ಮನೆಗೆ ಹೋಗಿ ಇದನ್ನೆಲ್ಲ ಹೇಗೆ ಹೇಳ್ತೀರಿ?" ಎಂದು ಕೇಳುತ್ತೇನೆ. ಒಬ್ಬರು, "ಸೊಂಟದ ಕೆಳಗೆ ಏನೂ ಗೊತ್ತಾಗಲ್ಲ, ಮಗು ಸುಮ್ನೆ ಬಂದುಬಿಡುತ್ತೆ" ಎಂದುಬಿಟ್ಟರು. ತಪ್ಪು ಅವರದ್ದಲ್ಲ, ನನ್ನ ವಿವರಣೆಯದ್ದು. ಔಷಧಿ ಕೆಲಸ ಮಾಡಲು ಹದಿನೈದಿಪ್ಪತ್ತು ನಿಮಿಷ ಬೇಕು. ಆಮೇಲೂ ಹೊಟ್ಟೆ ಬಿಗಿಯುವುದು, ಕೆಳಗೆ ಒತ್ತುವುದು ಗೊತ್ತಾಗುತ್ತಿರಬಹುದು. ಮುಕ್ಕುವ ಕೆಲಸವಂತೂ ನಿಮ್ಮದೇ. ಈಗ ಕೊಳವೆ ಕೈಗೆ ಕೊಡುವಾಗಲೇ ಇದನ್ನು ಹೇಳಿಬಿಡುತ್ತೇನೆ.